ತಣ್ಣಗೆ ಮಾತಾಡಿಸಿದ ಅನ್ನಮ್ಮ

ಮೊಮ್ಮಗಳು ಶಶಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠದ ಕೆಲಸ ಸಿಕ್ಕಿದೆ. ಆರ್ಡರು ಬಂದ ದಿನ ನನ್ನ ಮಂಚದ ಮೇಲೆ ಬಂದು ಕೂತು, "ಅಜ್ಜಿ, ನಿನಗೆ ಇಂಗ್ಲಿಷ್ ಕಾದಂಬರಿ ಓದೋದನ್ನ ಯಾರು ಹೇಳಿಕೊಟ್ಟರು? ಆಗ ಗೈಡು ಇತ್ತಾ?" ಎಂದು ಕೇಳಿದಳು. ಗೈಡು ಇರಲಿಲ್ಲ. ಅತ್ತೆ ಇದ್ದರು. ಹಾಗೆಂದರೆ ಅವಳು ನಕ್ಕಳು. ಬಿಡಿಸಿ ಹೇಳೋಣವೆಂದರೆ ನಾಲ್ಕು ಮುಖ ನನ್ನ ಕಡೆ ತಿರುಗಿದರೆ ಈಗಲೂ ನನಗೆ ಮಾತು ಹೊರಡುವುದಿಲ್ಲ. ಬರೆದಿಡುತ್ತೇನೆ, ನೀವೆಲ್ಲ ಬಿಡುವಾದಾಗ ಓದಿಕೊಳ್ಳಿ. ಯಾವ ವರ್ಷ ಬಡ್ತಿ ಬಂತು, ಎಲ್ಲಿಗೆ ವರ್ಗವಾಯಿತು ಎಂಬುದನ್ನೆಲ್ಲ ಬರೆಯುವುದಿಲ್ಲ. ಕೆಲಸ ಉಳಿಯುತ್ತದೋ ಹೋಗುತ್ತದೋ ಎಂದು ತೂಗಾಡಿದ ಮೊದಲ ವರ್ಷದ ಮಾತಷ್ಟೇ.

ನಾನು ಶಾಲೆ ಅಂತ ಕಂಡದ್ದು ಬೆಳಕವಾಡಿಯ ಊರ ಶಾಲೆ ಒಂದನ್ನೇ. ಆಮೇಲಿನದೆಲ್ಲ ಮನೆಯಲ್ಲಿ ಕೂತು ಕಲಿತದ್ದು. ನಿಮ್ಮ ತಾತ ಶಿವನಸಮುದ್ರದ ಪವರ್‌ಹೌಸಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಕಿವಿಗೆ ಬಿದ್ದ ಇಂಗ್ಲಿಷನ್ನು ಸಂಜೆ ಮನೆಗೆ ತಂದು ನನಗೆ ಕೊಡುತ್ತಿದ್ದರು, ಬೇರೆಯವರು ಹೂವು ತಂದುಕೊಡುವ ಹಾಗೆ. ಅವರೇ ಹಟ ಹಿಡಿದು ನನ್ನಿಂದ ಎಸ್.ಎಸ್.ಎಲ್.ಸಿ. ಕಟ್ಟಿಸಿದರು. ಅದು ಪಾಸಾದ ಮರುವರ್ಷ ಜ್ವರದಲ್ಲಿ ಹೋಗಿಬಿಟ್ಟರು. ನಿಮ್ಮಪ್ಪ ಆಗ ಇನ್ನೂ ತೊಡೆಯ ಮೇಲಿನ ಕೂಸು.

ಯುದ್ಧದ ಕಾಲ ಅದು. ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ತರಗತಿ ಹೊಸದಾಗಿ ತೆರೆದಿದ್ದರು. ಪಾಠ ಹೇಳಲು ಹೆಂಗಸೇ ಬೇಕು, ಇಲ್ಲದಿದ್ದರೆ ದೊಡ್ಡ ಹುಡುಗಿಯರನ್ನು ಮನೆಯವರು ಕಳಿಸುವುದಿಲ್ಲ. ಬೇರೆ ಯಾರೂ ಸಿಗದೆ ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು. ಷರತ್ತು ಒಂದೇ. ಮುಂದಿನ ಬೇಸಿಗೆ ರಜೆ ಮುಗಿಯುವುದರೊಳಗೆ ಇಂಟರ್‌ಮೀಡಿಯೆಟ್ಟಿನ ಇಂಗ್ಲಿಷ್ ಪರೀಕ್ಷೆಯನ್ನು ಖಾಸಗಿಯಾಗಿ ಕಟ್ಟಿ ಪಾಸಾಗಬೇಕು. ಇಲ್ಲವಾದರೆ ಕೆಲಸ ಇಲ್ಲ.

ಬೆಳಕವಾಡಿಯಲ್ಲಿ ಜಮೀನು ನೋಡಿಕೊಳ್ಳುತ್ತಿದ್ದ ಭಾವ ನಿಂಗೇಗೌಡರೂ ಅದನ್ನೇ ಅತ್ತೆಯ ಮುಂದೆ ತಮ್ಮ ಮಾತಿನಲ್ಲಿ ಹೇಳಿದರು. "ಒಂದ್ ವರ್ಸ ನೋಡವ ಕಣವ್ವ. ಪಾಸಾದ್ರೆ ಅಲ್ಲೇ ಇರ್ಲಿ. ಇಲ್ದಿದ್ರೆ ಗಾಡಿ ತತ್ತೀನಿ, ಬಂದ್ಬುಡಿ." ಅವರು ಕೆಟ್ಟವರಲ್ಲ. ಆ ಮನೆಯಲ್ಲಿ ಊಟಕ್ಕೂ ಪ್ರೀತಿಗೂ ಕೊರತೆ ಇರಲಿಲ್ಲ. ಆದರೆ ಆ ತುಂಬಿದ ಮನೆಯ ಒಲೆಯ ಮುಂದೆ ಒಮ್ಮೆ ಕೂತರೆ ಮತ್ತೆ ಪುಸ್ತಕ ಮುಟ್ಟುವ ಹೊತ್ತು ಈ ಜನ್ಮದಲ್ಲಿ ಬರುವುದಿಲ್ಲ ಎಂಬುದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಗಂಡ ಸತ್ತ ಹುಡುಗಿ ಒಬ್ಬಳೇ ಪೇಟೆಯಲ್ಲಿ ಇರುವುದು ಹೇಗೆಂದು ಜನ ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮ ತಾಮ್ರದ ಚೆಂಬನ್ನೂ ರಾಗಿಕಲ್ಲನ್ನೂ ಗಾಡಿಗೆ ಹಾಕಿಸಿ, ಕೂಸನ್ನು ಕಂಕುಳಿಗೆ ಏರಿಸಿಕೊಂಡು ನನ್ನ ಜೊತೆ ಮಳವಳ್ಳಿಗೆ ಬಂದುಬಿಟ್ಟರು.

ಮೊದಲ ದಿನದ ಪಾಠ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹುಡುಗಿಯರ ಮುಖ ನೋಡಲು ಧೈರ್ಯ ಬರದೆ ಗಂಟೆ ಹೊಡೆಯುವವರೆಗೂ ಬೋರ್ಡಿಗೆ ಮುಖ ಮಾಡಿ ಪಾಠ ಹೇಳಿದೆ. ಹೆಡ್ ಮೇಡಂ ರುಕ್ಮಿಣಮ್ಮನವರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಮೈಸೂರಿನಲ್ಲಿ ಬಿ.ಎ. ಮಾಡಿ ಬಂದವರು, ಬಿಸಿಲಿರಲಿ ಮೋಡವಿರಲಿ ಕಪ್ಪು ಕೊಡೆ ಹಿಡಿಯದೆ ಹೊರಗೆ ಕಾಲಿಡದವರು. ಹೊಗಳುವ ಅಭ್ಯಾಸವಂತೂ ಅವರಿಗೆ ಇರಲೇ ಇಲ್ಲ. ತರಗತಿ ಬಿಟ್ಟ ಮೇಲೆ ನನ್ನ ಹತ್ತಿರ ಬಂದು, "ಬೋರ್ಡು ಚೆನ್ನಾಗಿ ಕಲಿತುಕೊಂಡಿತು. ನಾಳೆಯಿಂದ ಮಕ್ಕಳಿಗೂ ಸ್ವಲ್ಪ ಹೇಳಿಕೊಡಿ" ಎಂದರು. ದನಿ ಏರಿಸಲಿಲ್ಲ. ಮಾರನೆಯ ದಿನ ನಾನು ತಿರುಗಿ ನಿಂತೆ.

ಪರೀಕ್ಷೆಗೆ ಒಂದು ಹಳೆಯ ಇಂಗ್ಲಿಷ್ ಕಾದಂಬರಿಯನ್ನು ಇಟ್ಟಿದ್ದರು. ಮಂಡ್ಯದ ಪರಿಚಯದವರೊಬ್ಬರಿಂದ ಹೆಡ್ ಮೇಡಂ ಅದನ್ನು ತರಿಸಿಕೊಟ್ಟರು. ಇಟ್ಟಿಗೆಯಷ್ಟು ದಪ್ಪ, ಸಾಸಿವೆಯಷ್ಟು ಅಕ್ಷರ. ಗಡಿಯಾರ ರಿಪೇರಿ ಮಾಡುವವನೊಬ್ಬನ ಮಗಳು ಹನ್ನಾ ಎಂಬುವಳ ಕತೆ. ಅಪ್ಪ ಸತ್ತ ಮೇಲೆ ಅವಳು ಚಿಕ್ಕಪ್ಪನ ಮನೆ ಸೇರುತ್ತಾಳೆ. ಅಲ್ಲಿಗೆ ಇಬ್ಬರು ಗಂಡಸರು ಬಂದು ಹೋಗುತ್ತಾರೆ. ಒಬ್ಬ ಜಮೀನ್ದಾರನ ಸೋದರಳಿಯ, ಕುದುರೆಯ ಮೇಲೆ ಬರುವವನು. ಇನ್ನೊಬ್ಬ ಆ ಊರ ಹೊಳೆಗೆ ಸೇತುವೆ ಕಟ್ಟಿಸಲು ಬಂದವನು, ನಡೆದು ಬರುವವನು.

ನನಗೆ ಗೊತ್ತಿದ್ದ ಓದು ಬಾಯಿಪಾಠ ಒಂದೇ. ಮೊದಲ ಅಧ್ಯಾಯವನ್ನು ಒಂದಕ್ಷರ ಬಿಡದೆ ಕಲಿತು ಹೆಡ್ ಮೇಡಂ ಮುಂದೆ ನಿಂತೆ. ಅವರು, "ಹನ್ನಾಳ ಅಪ್ಪ ಎಂಥವನು?" ಎಂದು ಕೇಳಿದರು. ನಾನು ಕಣ್ಣು ಮುಚ್ಚಿ ಮೊದಲ ಪುಟದಿಂದ ಶುರು ಮಾಡಿದೆ.

"ಸಾಕು ಸಾಕು, ಗಿಣಿ ಹಾರಿಹೋದೀತು" ಎಂದು ಕೈ ಎತ್ತಿದರು. "ಮನೆಯಲ್ಲಿ ಯಾರಿದ್ದಾರೆ?"

"ಅತ್ತೆ ಇದ್ದಾರೆ."

"ಇಂಗ್ಲಿಷ್ ಬರುತ್ತದೆಯೇ?"

"ಅವರಿಗೆ ಕನ್ನಡ ಓದಲೂ ಬರುವುದಿಲ್ಲ."

"ಬಹಳ ಒಳ್ಳೆಯದಾಯಿತು. ದಿನಾ ಓದಿದ್ದನ್ನು ಅವರಿಗೆ ಕತೆ ಮಾಡಿ ಒಪ್ಪಿಸಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಅಧ್ಯಾಯ ನೀವು ಓದಿಲ್ಲ ಅಂತಲೇ ಅರ್ಥ."

ಅತ್ತೆಯ ಮುಂದೆ ನನಗೆ ಸಂಕೋಚವಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುವರು. ಸೀಮೆಎಣ್ಣೆಗೆ ಬರವಿದ್ದುದರಿಂದ ದೀಪದಲ್ಲಿ ಓದುವ ಮಾತೇ ಇಲ್ಲ, ಬೆಳಕಿರುವಾಗಲೇ ಓದು, ಬೆಳಕಿರುವಾಗಲೇ ಕತೆ. ಕರೆಂಟಿನ ತಂತಿ ನಮ್ಮ ಕಡೆಯ ಹೊಲಗಳ ಮೇಲೆ ಹಾದು ಎಲ್ಲೆಲ್ಲಿಗೋ ಹೋಗುತ್ತಿತ್ತು, ನಮ್ಮ ಮನೆಗಳಿಗೆ ಇನ್ನೂ ಇಳಿದಿರಲಿಲ್ಲ.

"ಏನಮ್ಮಿ ಆ ಉಡ್ಗಿ ಎಸ್ರು?"

"ಹನ್ನಾ ಅಂತ, ಅತ್ತೆ."

"ಅನ್ನಮ್ಮ ಅನ್ನು. ಒಳ್ಳೆ ಎಸ್ರೇ. ಅಪ್ಪ ಸತ್ತ್‌ಮೇಲೆ ಚಿಕ್ಕಪ್ಪನ ಮನೇಲಿ ಎಂಗ್ ನೋಡ್ಕೊತಾವ್ರೆ?"

"ಪುಸ್ತಕದಲ್ಲಿ ಅಷ್ಟು ಬಿಡಿಸಿ ಹೇಳಿಲ್ಲ."

"ಯೋಳ್ದಿದ್ರೇನು? ಊಟಕ್ಕೆ ಯಾವ್ ಜಾಗದಲ್ಲಿ ಕುಂಡ್ರುಸ್ತಾರೆ ನೋಡು, ಗೊತ್ತಾಯ್ತದೆ."

ಹೋಗಿ ಪುಟ ತಿರುವಿದೆ. ಊಟದ ಮೇಜಿನ ತುದಿಯಲ್ಲಿ, ಬಾಗಿಲಿನ ಗಾಳಿ ಹೊಡೆಯುವ ಕಡೆ ಅವಳನ್ನು ಕೂರಿಸಿದ್ದರು. ಒಂದೇ ಒಂದು ಸಾಲು. ನಾನು ಅದನ್ನು ಬಾಯಿಪಾಠ ಮಾಡಿದ್ದೆ, ಓದಿರಲಿಲ್ಲ.

ನನ್ನ ಜೊತೆ ಅದೇ ಪರೀಕ್ಷೆಗೆ ಕೂತವರು ಖೈರುನ್ನೀಸಾ. ಉರ್ದು ಶಾಲೆಯ ಟೀಚರು. ಅವರ ತಂದೆ ಬಸ್ಸಿನ ಮೆಕ್ಯಾನಿಕ್ಕು. ಬುರ್ಖಾ ತೊಟ್ಟು ಹಿಂದಿನ ಬೀದಿಯಿಂದ ನಮ್ಮ ಮನೆಗೆ ಬರುವರು. ಪುಸ್ತಕ ಇಬ್ಬರಿಗೂ ಅದೊಂದೇ, ಒಬ್ಬರು ಓದಿದರೆ ಇನ್ನೊಬ್ಬರು ಡಿಕ್ಷನರಿ ಹಿಡಿಯುವರು. ನನಗಿಂತ ಚಿಕ್ಕವರು, ನನಗಿಂತ ಚುರುಕು. ನಾನು ಹತ್ತು ಸಲ ಯೋಚಿಸಿ ಆಡುವ ಮಾತನ್ನು ಅವರು ಹೊಸ್ತಿಲು ದಾಟುವಾಗಲೇ ಆಡಿ ಮುಗಿಸುತ್ತಿದ್ದರು. "ಅಮ್ಮಾ, ನಿಮ್ಮ ಅನ್ನಮ್ಮ ಇವತ್ತು ಏನು ಮಾಡ್ತಾಳೆ ನೋಡಿ ಬಿಡೋಣ" ಎಂದು ಅತ್ತೆಯನ್ನು ಮಾತಾಡಿಸಿಯೇ ಒಳಗೆ ಬರುವರು. ಅತ್ತೆಗೆ ಅವರೆಂದರೆ ಪ್ರಾಣ.

ಹೀಗೆ ಚೆನ್ನಾಗಿ ಓದುತ್ತಿರುವಾಗಲೇ ನಾವು ದೊಡ್ಡ ಹಳ್ಳಕ್ಕೆ ಬಿದ್ದೆವು.

ಕುದುರೆಯವನು ಮೊದಲ ಸಲ ಬಂದಾಗ ಹನ್ನಾ ಅವನನ್ನು 'ಕೋಲ್ಡ್‌ಲಿ' ಬರಮಾಡಿಕೊಂಡಳು ಎಂದು ಪುಸ್ತಕದಲ್ಲಿತ್ತು. ಖೈರುನ್ನೀಸಾ ಡಿಕ್ಷನರಿ ತೆಗೆದರು. ತಣ್ಣಗೆ. ಸರಿ, ತಣ್ಣಗೆ ಬರಮಾಡಿಕೊಂಡಳು. ನಮ್ಮಲ್ಲಿ ದೊಡ್ಡವರ ಕಾಲಿಗೆ ಬಿದ್ದರೆ ಏನೆಂದು ಹರಸುತ್ತಾರೆ? "ತಣ್ಣಗಿರು ಮಗ." ಮಕ್ಕಳು ಚೆನ್ನಾಗಿದ್ದರೆ ತಾಯಿ ಏನೆನ್ನುತ್ತಾಳೆ? "ಹೊಟ್ಟೆ ತಣ್ಣಗಾಯಿತು." ಖೈರುನ್ನೀಸಾ ಕೂಡ, "ನಮ್ಮಲ್ಲೂ ಹಾಗೇ, ಕಲೇಜಾ ಠಂಡಾ ಆಯ್ತು ಅಂತೀವಿ" ಎಂದರು. ಎರಡು ಭಾಷೆ ಒಂದೇ ಮಾತು ಹೇಳಿದ ಮೇಲೆ ನಮಗೆ ಅನುಮಾನವೇ ಬರಲಿಲ್ಲ.

ಸೇತುವೆಯವನು ಬಂದಾಗ ಅವಳು 'ವಾರ್ಮ್‌ಲಿ' ಮಾತಾಡಿದಳು ಎಂದಿತ್ತು. ಅಂದರೆ ಬಿಸಿಯಾಗಿ. ಪಾಪ, ರೇಗಿಕೊಂಡಿದ್ದಾಳೆ ಎಂದು ನಾವು ತಿಳಿದೆವು. ಆ ಪುಸ್ತಕದಲ್ಲಿ ಈ ಎರಡು ಮಾತುಗಳಿಗೆ ಬರವಿರಲಿಲ್ಲ. ಕುದುರೆಯವನು ಬಂದಾಗಲೆಲ್ಲ ತಣ್ಣಗೆ, ಸೇತುವೆಯವನು ಬಂದಾಗಲೆಲ್ಲ ಬಿಸಿ.

ಅತ್ತೆ ಜಗಲಿಯಲ್ಲೇ ಸಂಬಂಧ ಕುದುರಿಸಿಬಿಟ್ಟರು. "ಕುದ್ರೆಯೋನೇ ಸರಿ ಕಣಮ್ಮಿ. ಬಾಯ್ತುಂಬ ತಣ್ಣಗೆ ಮಾತಾಡುಸ್ತಾಳೆ ಅಂದ್ಮೇಲೆ ಮನ್ಸಲ್ಲಿ ಅವ್ನೇ ಅವ್ನೆ. ಆ ಸೇತ್ವೆಯೋನ್ ಮೇಲೆ ಯಾಕಂಗೆ ಉರ್ಕೊಂಡ್ ಬೀಳ್ತಾಳೋ, ಸುಮ್ಕೆ ನಡ್ಕೊಂಡ್ ಬತ್ತಾನೆ, ಪಾಪ."

"ಬಿಸಿಯಾಗಿ ಮಾತಾಡಿದರೂ ಅವನು ದಿನಾ ಬರ್ತಾನಲ್ಲಮ್ಮಾ, ನಾಚಿಕೆ ಇಲ್ಲವಾ?" ಎಂದು ಖೈರುನ್ನೀಸಾ.

"ಸೇತ್ವೆ ಕಟ್ಟೋನಿಗೆ ನಾಚ್ಕೆ ಎಲ್ಲಿಂದ ಬಂದಾತು, ಕಲ್ಲು ಹೊತ್ತು ಹೊತ್ತು ಚರ್ಮ ದಪ್ಪ ಆಗಿರ್ತದೆ."

ಹೀಗೆ ಅರ್ಧಕ್ಕಿಂತ ಹೆಚ್ಚು ಪುಸ್ತಕ ಮುಗಿಯಿತು. ಕೊನೆಗೊಂದು ಸಂಜೆ ಕುದುರೆಯವನು ಮದುವೆಯ ಮಾತೆತ್ತುವ ಅಧ್ಯಾಯ ಬಂತು. ನಾನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳುತ್ತಿದ್ದೆ. ಅತ್ತೆ ಅವರೆಕಾಯಿ ಬಿಟ್ಟು ಮುಂದಕ್ಕೆ ಬಗ್ಗಿದ್ದರು. ಹನ್ನಾ ಎದ್ದು ನಿಂತು, ನಿನ್ನನ್ನು ನಾನು ಒಂದು ದಿನವೂ ಇಷ್ಟಪಟ್ಟಿಲ್ಲ, ಅದನ್ನು ನಾನೆಂದೂ ಮುಚ್ಚಿಟ್ಟಿಲ್ಲ ಎಂದುಬಿಟ್ಟಳು.

ಅತ್ತೆ ಮೊರ ಪಕ್ಕಕ್ಕೆ ತಳ್ಳಿದರು. "ಏನಂದ್ಲು?"

ಮತ್ತೆ ಹೇಳಿದೆ.

"ಥೂ, ಮನೆಹಾಳಿ! ಅಷ್ಟ್ ದಿನ ತಣ್ಣಗೆ ಮಾತಾಡ್ಸಿ, ಆಸೆ ಅಚ್ಚಿ, ಈಗ ಒಲ್ಲೆ ಅಂದ್ರೆ ಎಂಗಮ್ಮಿ? ಮುಚ್ಚಿಟ್ಟಿಲ್ವಂತೆ! ನೀನು ಸರ್ಯಾಗ್ ಓದ್ದೇನಮ್ಮಿ? ಅವ್ಳು ಅಂಥ ಎಣ್ಣಲ್ಲ. ಇಷ್ಟ್ ದಿವ್ಸ ನೋಡಿವ್ನಿ ಅವ್ಳ್ನ, ನಂಗ್ ಗೊತ್ತಿಲ್ವಾ?"

ಖೈರುನ್ನೀಸಾ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಹನ್ನಾ ಸುಳ್ಳು ಹೇಳಿರಬೇಕು, ಇಲ್ಲವೇ ನಾವು ಓದಿದ್ದು ಬೇರೆ ಪುಸ್ತಕವಾಗಿರಬೇಕು. ಪರೀಕ್ಷೆ ಹತ್ತಿರ ಬಂದಿತ್ತು.

ಬೆಳಗ್ಗೆ ಇಬ್ಬರೂ ಹೆಡ್ ಮೇಡಂ ಮುಂದೆ ಹೋಗಿ ನಿಂತೆವು. ನಾನು ಪುಟ ತೆರೆದು ಸಾಲು ತೋರಿಸಿದೆ, ಖೈರುನ್ನೀಸಾ ನಾವು ಮಾಡಿದ ಅರ್ಥ ಹೇಳಿದರು. ತಣ್ಣಗೆ, ಹೊಟ್ಟೆ ತಣ್ಣಗೆ, ಕಲೇಜಾ ಠಂಡಾ, ಅತ್ತೆಯ ಸಿಟ್ಟು, ಎಲ್ಲವನ್ನೂ. ರುಕ್ಮಿಣಮ್ಮನವರು ಗಂಭೀರವಾಗಿ ಕೇಳಿದರು. ಕೇಳಿ ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ಅವರ ಬೆನ್ನು ಅಲುಗುವುದು ಕಂಡಿತು. ಅಳುತ್ತಿದ್ದಾರೆ ಎಂದುಕೊಂಡು ನಾನು ಹೆದರಿದೆ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಿರುಗಿದಾಗ ಗೊತ್ತಾಯಿತು, ನಗು. ಅವರು ನಕ್ಕದ್ದನ್ನು ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

"ಕೂತುಕೊಳ್ಳಿ" ಎಂದು ಇಬ್ಬರಿಗೂ ಕುರ್ಚಿ ತೋರಿಸಿದರು. "ಅವರದು ಮಂಜು ಬೀಳುವ ದೇಶ. ಚಳಿಗೆ ಜನ ಸಾಯುತ್ತಾರೆ. ಬಂದ ನೆಂಟರನ್ನು ಬೆಂಕಿಯ ಹತ್ತಿರ ಕೂರಿಸುವುದೇ ಅಲ್ಲಿ ಮರ್ಯಾದೆ. ಅದಕ್ಕೇ ಪ್ರೀತಿಯೆಲ್ಲ ಅವರಿಗೆ ಬೆಚ್ಚಗೆ, ತಿರಸ್ಕಾರವೆಲ್ಲ ತಣ್ಣಗೆ. ನಮ್ಮದು ಬಿಸಿಲು ಸುಡುವ ಊರು. ನಾವು ನೆಂಟರಿಗೆ ನೀರುಮಜ್ಜಿಗೆ ಕೊಟ್ಟು ನೆರಳಿನಲ್ಲಿ ಕೂರಿಸುತ್ತೇವೆ. ಡಿಕ್ಷನರಿ ಪದ ಹೇಳುತ್ತದೆ, ಹವೆ ಹೇಳುವುದಿಲ್ಲ."

"ಹಾಗಾದರೆ ನಮ್ಮ ಓದೆಲ್ಲ ಹಾಳಾಯಿತು" ಎಂದೆ. ಅವರ ಮುಂದೆ ತಾನಾಗಿ ನಾನಾಡಿದ ಮೊದಲ ಮಾತು ಅದು.

"ಯಾಕೆ ಹಾಳಾಗುತ್ತದೆ? ಹನ್ನಾಳ ಮೇಲೆ ನಿಮ್ಮ ಅತ್ತೆಗೆ ಸಿಟ್ಟು ಬಂತು ಅಂದರೆ ಅಷ್ಟು ಚೆನ್ನಾಗಿ ಹೇಳಿದ್ದೀರಿ. ಹೋಗಿ, ಮೊದಲಿನಿಂದ ಓದಿ. ಈ ಸಲ ಚಳಿಯಲ್ಲಿ ಕೂತಿದ್ದೇವೆ ಅಂದುಕೊಂಡು ಓದಿ."

ಮೊದಲಿನಿಂದ ಓದಿದೆವು. ಶಶಿ, ಇದನ್ನು ಗಮನವಿಟ್ಟು ಓದು. ಆ ಎರಡನೆಯ ಓದಿನಷ್ಟು ಸುಖ ನನಗೆ ಆಮೇಲೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಪುಟ ಪುಟದಲ್ಲೂ ಅದೇ ಸಾಲುಗಳು, ಆದರೆ ಹುಡುಗಿಯೇ ಬೇರೆ. ಸೇತುವೆಯವನು ಮಂಜಿನಲ್ಲಿ ನೆನೆದು ಬಂದಾಗಲೆಲ್ಲ ಅವಳು ಒಲೆಗೆ ಇನ್ನೊಂದು ಸೌದೆ ಹಾಕುತ್ತಿದ್ದಳು. ಮೊದಲ ಓದಿನಲ್ಲಿ ಆ ಸೌದೆಯನ್ನು ನಾವು ಲೆಕ್ಕಕ್ಕೇ ಇಟ್ಟಿರಲಿಲ್ಲ. ಬರೆದ ಮಹಾನುಭಾವನ ಮೇಲೆ ನನಗೆ ಭಕ್ತಿಯೇ ಹುಟ್ಟಿತು. ಸತ್ತು ಎಷ್ಟೋ ಕಾಲವಾದ ಮನುಷ್ಯ, ನಮ್ಮ ಊರಿನ ಹೆಸರು ಕೇಳದವನು, ನನ್ನ ಅತ್ತೆಯನ್ನು ಜಗಲಿಯ ಮೇಲೆ ಕೂರಿಸಿ ಬೈಯಿಸಿ, ಮತ್ತೆ ಒಲಿಸಿಕೊಂಡಿದ್ದ.

ಅತ್ತೆ ಮಾತ್ರ ಸುಲಭಕ್ಕೆ ಒಪ್ಪಲಿಲ್ಲ. ಚಳಿ ದೇಶದ ಮಾತೆಲ್ಲ ಕೇಳಿ, "ಅಂಗಾರೆ ಅಲ್ಲಿ ಮಕ್ಳಿಗೆ ಏನಂತ ಅರಸ್ತಾರೆ, ಬೆಂದೋಗು ಅಂತಲಾ?" ಎಂದು ಕೇಳಿದರು. ಈಗ ಪೇಪರಿನವರು 'ಬೆಚ್ಚನೆಯ ಸ್ವಾಗತ' ಎಂದು ಬರೆಯುವುದನ್ನು ನೋಡಿದಾಗಲೆಲ್ಲ ನನಗೆ ಅತ್ತೆಯ ಈ ಮಾತು ನೆನಪಾಗಿ ಬೆವರುತ್ತದೆ.

ಆ ವರ್ಷದಿಂದ ನನ್ನ ಪಾಠದ ಕ್ರಮವೂ ಬದಲಾಯಿತು. ಅರ್ಥ ಬರೆಸಿ ಉರು ಹೊಡೆಸುವುದನ್ನು ಬಿಟ್ಟೆ. "ಇವತ್ತಿನ ಪಾಠ ಮನೆಯಲ್ಲಿ ಯಾರಿಗಾದರೂ ಹೇಳಿ, ಅವರು ಏನು ಕೇಳಿದರು ಅಂತ ನಾಳೆ ಬಂದು ನನಗೆ ಹೇಳಿ" ಎನ್ನುತ್ತಿದ್ದೆ. ಮಾರನೆಯ ದಿನ ತರಗತಿಗೆ ಅಜ್ಜಿಯರ ಪ್ರಶ್ನೆಗಳು ಬರುತ್ತಿದ್ದವು. ಅವಕ್ಕೆ ಉತ್ತರ ಹುಡುಕುವುದರಲ್ಲೇ ಹುಡುಗಿಯರು ಇಂಗ್ಲಿಷ್ ಕಲಿತರು, ನಾನೂ ಕಲಿತೆ.

ಪರೀಕ್ಷೆ ಮೈಸೂರಿನಲ್ಲಿ. ಬಸ್ಸಿನಲ್ಲಿ ಮದ್ದೂರು, ಅಲ್ಲಿಂದ ರೈಲು. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಹಿಂದೆ ಒಲೆಯಂಥ ಕೊಳವೆ, ದಿಬ್ಬ ಬಂದರೆ ಇಳಿದು ನಡೆಯಬೇಕು. ಖೈರುನ್ನೀಸಾ ತಂದೆ ಅಂದು ತಾವೇ ಬಸ್ಸಿನ ಜೊತೆ ಬಂದು, ದಾರಿಯುದ್ದಕ್ಕೂ ಇದ್ದಿಲು ಕೆದಕಿ, ರೈಲು ತಪ್ಪದಂತೆ ನಮ್ಮನ್ನು ಮದ್ದೂರು ಮುಟ್ಟಿಸಿದರು. ಮುಖವೆಲ್ಲ ಮಸಿ. ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ಜಮೀನ್ದಾರನ ಸೋದರಳಿಯನನ್ನು ಹನ್ನಾ ನಿರಾಕರಿಸಿದ್ದು ನ್ಯಾಯವೇ, ಚರ್ಚಿಸಿ. ನನಗೆ ಎದುರಿಗೆ ಅತ್ತೆ ಕೂತಂತೆ ಆಯಿತು. ಅವರು ಹೂಡಿದ ವಾದವನ್ನೆಲ್ಲ ಇಂಗ್ಲಿಷಿನಲ್ಲಿ ಬರೆದು ಒಂದೊಂದಕ್ಕೂ ಉತ್ತರ ಕೊಟ್ಟೆ. ಬೈಗುಳ ಮಾತ್ರ ಬಿಟ್ಟೆ.

ರಜೆ ಮುಗಿಯುತ್ತ ಬಂತು. ಫಲಿತಾಂಶ ಇಂತಹ ದಿನದ ಪತ್ರಿಕೆಯಲ್ಲಿ ಬರುತ್ತದೆ ಎಂದು ಗೊತ್ತಾಯಿತು. ಅದೇ ದಿನ ಬೆಳಗ್ಗೆ ಭಾವ ಗಾಡಿ ಕಟ್ಟಿಕೊಂಡು ಬಂದರು. ಪತ್ರಿಕೆ ಮದ್ದೂರಿನಿಂದ ಬಸ್ಸಿನಲ್ಲಿ ಬರಬೇಕು. ಬಸ್ಸು ಎಲ್ಲಿ ಕೆಟ್ಟು ನಿಂತಿತ್ತೋ.

"ಬಿಸ್ಲು ಏರಾಕ್ ಮುಂಚೆ ಊರು ಸೇರ್ಬೇಕು ಕಣವ್ವ. ಪಾಸಾಗಿದ್ರೆ ಆಮ್ಯಾಕೆ ವಾಪಸ್ ಬಂದ್ರಾಯ್ತು" ಎಂದು ಭಾವ ಹಾಸಿಗೆ ಸುರುಳಿ, ಪೆಟ್ಟಿಗೆ ಎತ್ತಿ ಗಾಡಿಗೆ ಹಾಕಿದರು. ಹೋದವರು ವಾಪಸು ಬರುವುದಿಲ್ಲ ಎಂದು ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ, ಮುಖ ಕೊಟ್ಟು ಹೇಳಲಿಲ್ಲ. ಅತ್ತೆ ಜಗಲಿ ಬಿಟ್ಟು ಏಳಲಿಲ್ಲ.

"ಬಸ್ಸು ಬರಾಗಂಟ ನಾನ್ ಏಳಾಕಿಲ್ಲ."

"ಬಸ್ಸು ನಾಳೀಕ್ ಬಂದ್ರೆ?"

"ನಾಳೀಕ್ ಏಳ್ತೀನಿ. ಕುತ್ಕೊಳ್ಲಾ ನಿಂಗಾ, ಒಂದ್ ಕತೆ ಯೋಳ್ತೀನಿ. ಅನ್ನಮ್ಮ ಅಂತ ಒಬ್ಳಿದ್ಲು."

ಭಾವ ನಿಂತೇ ಕೇಳಿದರು. ಚಿಕ್ಕಪ್ಪನ ಮನೆಯ ಊಟದ ಮೇಜು ಬರುವ ಹೊತ್ತಿಗೆ ಜಗಲಿಯ ಅಂಚಿಗೆ ಕೂತರು. ಕುದುರೆಯವನು ಬಂದಾಗ ಎದ್ದುಹೋಗಿ ಎತ್ತಿನ ನೊಗ ಬಿಚ್ಚಿದರು. ಸೇತುವೆಯ ಕೆಲಸ ಶುರುವಾದಾಗ ಎತ್ತುಗಳಿಗೆ ಹುಲ್ಲು ಹಾಕಿ ಬಂದರು. ಅತ್ತೆ ಹೊಳೆಗೆ ನೆರೆ ಬರಿಸಿದರು, ಅರ್ಧ ಕಟ್ಟಿದ ಸೇತುವೆಯನ್ನು ಕೊಚ್ಚಿಸಿದರು. ಅಲ್ಲಿಗೆ ಎಳೆ ತಪ್ಪಿತು.

"ಆಮೇಲೆ... ಸೇತ್ವೆಯೋನು ಆ ದಡದಲ್ಲಿ... ಅಮ್ಮಿ, ಆಮೇಲೇನಾಯ್ತು?"

ನಾನು ಬಾಗಿಲ ಹಿಂದೆ ನಿಂತಿದ್ದೆ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಬಾಯಿ ಬಿಡುವುದಿಲ್ಲ. ಮದುವೆಯಾದಂದಿನಿಂದ ನನಗೂ ಅವರಿಗೂ ಒಂದು ಮಾತು ನಡೆದಿರಲಿಲ್ಲ. ಏನಿದ್ದರೂ ಅತ್ತೆಯ ಬಾಯಲ್ಲಿ. ಭಾವ ಬಾಗಿಲ ಕಡೆ ತಿರುಗಿ ಕಾಯುತ್ತಿದ್ದರು.

ಗೋಡೆಗೆ ಹೇಳುವಂತೆ ಶುರು ಮಾಡಿದೆ. ಆಮೇಲೆ ಒಂದೊಂದಾಗಿ ಹೇಳಿದೆ. ನೆರೆಯಲ್ಲಿ ಕೆಲಸದವರು ಓಡಿಹೋದದ್ದು, ಜನ ಸೇತುವೆಯವನನ್ನು ಹಳಿದದ್ದು, ಹನ್ನಾ ಲಾಟೀನು ಹಿಡಿದು ದಡಕ್ಕೆ ಬಂದದ್ದು.

"ನೀರು ಇಳಿಯಾಗಂಟ ಆ ಎಣ್ಮಗ ಎಲ್ಲಿದ್ಲು?" ಎಂದರು ಭಾವ. ಅತ್ತೆಯನ್ನು ಕೇಳಲಿಲ್ಲ, ನನ್ನನ್ನೇ ಕೇಳಿದರು.

"ದಡದ ಮೇಲೇ ಇದ್ದಳು, ಭಾವ. ಅವನಿಗೆ ಬೆಳಕು ಕಾಣಲಿ ಅಂತ. ಅವನು ದಾಟಿ ಬರುವವರೆಗೂ ಇದ್ದಳು."

ಅವರು ತಲೆಯಾಡಿಸಿ ಟವಲಿನಲ್ಲಿ ಮುಖ ಒರೆಸಿಕೊಂಡರು. ಕತೆ ಮುಗಿಯುವ ಹೊತ್ತಿಗೆ ಬೀದಿಯ ತುದಿಯಲ್ಲಿ ಕಪ್ಪು ಕೊಡೆ ಕಂಡಿತು. ಯಾವ ಟೀಚರ ಮನೆಗೂ ಹೋದವರಲ್ಲ ರುಕ್ಮಿಣಮ್ಮನವರು. ಅಂದು ಪತ್ರಿಕೆಯನ್ನು ಮಡಿಸದೆ ಹಾಗೇ ಹಿಡಿದು, ಹೆಚ್ಚುಕಡಿಮೆ ಓಡುತ್ತ ಬಂದು, ಜಗಲಿಯ ಕೆಳಗೆ ನಿಂತು ಉಸಿರು ಬಿಟ್ಟರು. "ಇಬ್ಬರ ನಂಬರೂ ಇದೆ. ಖೈರುನ್ನೀಸಾಗೆ ಹೇಳಿಯೇ ಬಂದೆ."

ಅತ್ತೆ ಮೊದಲು ನನ್ನನ್ನು ನೋಡಿದರು, ಆಮೇಲೆ ಮಗನನ್ನು. ಭಾವ ಎದ್ದು ಗಾಡಿಯ ಹತ್ತಿರ ಹೋಗಿ ಹಾಸಿಗೆ ಸುರುಳಿಯನ್ನು ಎಳೆದು ಹೆಗಲಿಗೆ ಹಾಕಿಕೊಂಡರು.

"ಎಲ್ಲಿಗ್ಲಾ ಅದು?" ಎಂದರು ಅತ್ತೆ.

"ಒಳಕ್ಕೆ ಕಣವ್ವ, ಇನ್ನೆಲ್ಲಿಗೆ."

ಬಾಗಿಲಿನಲ್ಲಿ ನಾನು ಅಡ್ಡ ನಿಂತಿದ್ದೆ, ಕಾಲು ಕದಲದೆ. ಅವರು ಸುರುಳಿ ಹೊತ್ತುಕೊಂಡು ಎದುರಿಗೆ ಬಂದು, ನೆಲ ನೋಡುತ್ತ ಹೇಳಿದರು.

"ವಸಿ ದಾರಿ ಬುಡಿ, ಮೇಡಮ್ಮೋರೆ."